ಲಕೋಟೆಯ ಮೇಲಿದ್ದ ಹೆಸರು

ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕ್ಯಾಟಲಾಗ್ ಕೆಲಸ ಮಾಡುತ್ತೇನೆ. ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಯಾರು ಬರೆದದ್ದು, ಯಾರ ಫೋಟೊ, ಯಾರ ಕೈಯಿಂದ ನಮಗೆ ಬಂತು ಅಂತ ದಾಖಲಿಸುವುದು. ಒಂದು ಹೆಸರು ಸಿಕ್ಕರೆ ನಮಗೆ ಹಬ್ಬ.

ಕೆಲವು ವರ್ಷಗಳ ಹಿಂದೆ ಎರಡು ಪೆಟ್ಟಿಗೆಗಳು ಬಂದವು. 1950, 60ರ ದಶಕದ ಅಗ್ಗದ ಪತ್ರಿಕೆಗಳು. ಪುಟಪುಟದಲ್ಲೂ ಹೆಂಗಸರ ಉಡುಪು ತೊಟ್ಟ ಗಂಡಸರ ಫೋಟೊ, ಕಥೆ. ಕಾಗದ ಕಂದಾಗಿತ್ತು, ಪಿನ್ನಿನ ತುಕ್ಕು ಪುಟಕ್ಕೆ ಇಳಿದಿತ್ತು. ಸ್ವಲ್ಪ ಜೋರಾಗಿ ತಿರುವಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು. ಮರದ ತಿರುಳು ಅರೆದು ಮಾಡಿದ ಕಾಗದ ಅಲ್ವಾ, ಅದರ ಹುಳಿಯೇ ಅದನ್ನು ತಿನ್ನುತ್ತದೆ.

ನಾನು ಕುಂದಾಪುರದ ಕಡೆಯವಳು. ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವಳು. ಸ್ತ್ರೀವೇಷ ಯಾರದ್ದು ಅಂತ ಹೆಸರು ನೋಡಿಕೊಂಡೇ ನಮ್ಮಲ್ಲಿ ಆಟಕ್ಕೆ ಹೋಗುತ್ತಿದ್ದರು. ಈ ಪೆಟ್ಟಿಗೆಗಳನ್ನೂ ನಾನು ಅದೇ ಕಣ್ಣಿನಿಂದ ನೋಡಿದೆ.

ಮೊದಲನೆಯದಕ್ಕೆ ಆ ಕಣ್ಣು ಸಾಕಾಗಿತ್ತು. ಅದರಲ್ಲಿದ್ದದ್ದು ವೇದಿಕೆಯ ಜನ. 1963ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ 'ಫೀಮೇಲ್ ಮಿಮಿಕ್ಸ್' ಪತ್ರಿಕೆ ಇತ್ತು. 1939ರಲ್ಲಿ ಮಯಾಮಿಯಲ್ಲಿ ಹುಟ್ಟಿದ ಜ್ಯೂಯೆಲ್ ಬಾಕ್ಸ್ ರೆವ್ಯೂ ಎಂಬ ತಂಡದ ಕಾರ್ಯಕ್ರಮ ಪುಸ್ತಿಕೆಗಳಿದ್ದವು. ಆ ತಂಡದ ಜಾಹೀರಾತೇ '25 ಗಂಡಸರು, ಒಬ್ಬಳು ಹುಡುಗಿ'. ಆ ಹುಡುಗಿ ಯಾರು ಅಂತ ಪ್ರೇಕ್ಷಕರು ಗೌನು ತೊಟ್ಟವರಲ್ಲೇ ಹುಡುಕುತ್ತಿದ್ದರು. 1955ರಿಂದ 1969ರವರೆಗೆ ಆ ಹುಡುಗಿ, ಗಂಡಸರ ಸೂಟು ತೊಟ್ಟು ನಿರೂಪಣೆ ಮಾಡುತ್ತಿದ್ದ ಸ್ಟಾರ್ಮಿ ಡಿಲಾರ್ವರಿ! ಇವರೆಲ್ಲರ ರಂಗದ ಹೆಸರು ದಪ್ಪ ಅಕ್ಷರದಲ್ಲಿತ್ತು. ಒಂದೂ ಬಿಡದೆ ದಾಖಲಿಸಿದೆ.

ಎರಡನೆಯ ಪೆಟ್ಟಿಗೆಯಲ್ಲಿ 'ಟ್ರಾನ್ಸ್‌ವೆಸ್ಟಿಯಾ'. 1960ರಲ್ಲಿ ಲಾಸ್ ಏಂಜಲಿಸ್‌ನಿಂದ ವರ್ಜೀನಿಯಾ ಪ್ರಿನ್ಸ್ ತಮ್ಮ ಹಾಗೆ ಹೆಣ್ಣುಡುಪು ತೊಡುವವರಿಗಾಗಿ ಹೊರತಂದ ಪುಟ್ಟ ಪತ್ರಿಕೆ. ಒಂದು ಸಂಚಿಕೆಯೊಳಗೆ ಅಂಚೆ ಲಕೋಟೆ ಸಿಕ್ಕಿತು. ಗಂಡಸೊಬ್ಬರ ಹೆಸರು, ಬೀದಿ, ಮನೆ ನಂಬರ್ ಎಲ್ಲ ಸ್ಪಷ್ಟ. ಖುಷಿಯಿಂದ 'ಮೂಲ ಒಡೆಯರು' ಅನ್ನುವ ಕಡೆ ಅಷ್ಟನ್ನೂ ಟೈಪ್ ಮಾಡಿದೆ. ಎರಡೂ ಪೆಟ್ಟಿಗೆಗೆ ಒಂದೇ ವಿಷಯ ಶೀರ್ಷಿಕೆ ಕೊಟ್ಟೆ.

ಸಂಜೆ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಹತ್ತಿರ ಬಂದರು. "ಇದನ್ನು ಹೊರಗೆ ಬಿಡುವ ಮೊದಲು ಓದುಗರ ಪತ್ರಗಳನ್ನು ಒಮ್ಮೆ ಓದಿ" ಅಂದರು. ಅಷ್ಟೇ.

ಓದಿದೆ. ಬರೆದವರು ಗೃಹಸ್ಥರು, ಎಷ್ಟೋ ಜನಕ್ಕೆ ಹೆಂಡತಿ ಮಕ್ಕಳು. ಸಹಿ ಮಾತ್ರ ಹೆಣ್ಣು ಹೆಸರಿನಲ್ಲಿ. ವೇದಿಕೆಯ ಕಲಾವಿದರ ಜೊತೆ ತಮ್ಮನ್ನು ಸೇರಿಸುವುದು ಅವರಿಗೆ ಬೇಕಿರಲಿಲ್ಲ. ಪ್ರಿನ್ಸ್ ಅದಕ್ಕೇ 'ಫೆಮ್ಮಿಫೈಲ್', ಅಂದರೆ ಹೆಣ್ತನವನ್ನು ಪ್ರೀತಿಸುವವರು, ಅನ್ನುವ ಬೇರೆ ಪದವನ್ನೇ ಕಟ್ಟಿದ್ದರು. ಪತ್ರಿಕೆ ಶುರುವಾದ ಹೊಸತರಲ್ಲೇ, ಅಂಚೆಯಲ್ಲಿ ಅಶ್ಲೀಲ ಪತ್ರ ಕಳಿಸಿದರು ಅಂತ ಅವರ ಮೇಲೆ ಕೇಸೂ ಆಗಿತ್ತು.

1961ರಲ್ಲಿ ಅವರು ಊರಿನ ಚಂದಾದಾರರನ್ನು ಮೊದಲ ಸಲ ಒಂದೆಡೆ ಸೇರಿಸಿದಾಗ, ಪ್ರತಿಯೊಬ್ಬರೂ ಹೆಂಗಸರ ಉದ್ದ ಕಾಲುಚೀಲ, ಹೈಹೀಲ್ಸ್ ಬಚ್ಚಿಟ್ಟುಕೊಂಡು ಬರಬೇಕಿತ್ತು. ಎಲ್ಲರೂ ಒಂದೇ ಕ್ಷಣದಲ್ಲಿ ಹಾಕಿಕೊಳ್ಳಬೇಕು. ಆಗ ಒಬ್ಬರು ಇನ್ನೊಬ್ಬರ ಮೇಲೆ ಬೆರಳು ತೋರಿಸುವ ಹಾಗಿಲ್ಲ. ಅಷ್ಟು ಹೆದರಿಕೆ. ಅಂಥವರೊಬ್ಬರ ಮನೆ ನಂಬರನ್ನು ನಾನು ಲೋಕಕ್ಕೆ ತೋರಿಸಲು ಹೊರಟಿದ್ದೆ. ಕೈ ತಣ್ಣಗಾಯಿತು.

ಅವತ್ತಿನಿಂದ ಹೆಸರು ಕಂಡ ತಕ್ಷಣ ಟೈಪ್ ಮಾಡುವುದಿಲ್ಲ. ಇದನ್ನು ಇವರೇ ಓದುಗರ ಮುಂದೆ ಇಟ್ಟದ್ದಾ, ಅಥವಾ ನನ್ನ ಕೈಗೆ ಸುಮ್ನೆ ಸಿಕ್ಕಿದ್ದಾ ಅಂತ ನೋಡುತ್ತೇನೆ. ಮೊದಲ ಪೆಟ್ಟಿಗೆಯವರ ಒಂದು ಹೆಸರು ಬಿಟ್ಟರೂ ಅವರಿಗೆ ಅನ್ಯಾಯ. ಎರಡನೆಯ ಪೆಟ್ಟಿಗೆಯವರ ಒಂದು ಹೆಸರು ಬರೆದರೂ ಅನ್ಯಾಯ. ಉಡುಪು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಮರುದಿನ ಶೀರ್ಷಿಕೆಗಳನ್ನು ಬೇರೆ ಮಾಡಿದೆ. ಲಕೋಟೆಯನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ಸಾರ್ವಜನಿಕರಿಗೆ ಕೊಡದ ಕಪಾಟಿನಲ್ಲಿಟ್ಟೆ. ಕ್ಯಾಟಲಾಗಿನಲ್ಲಿ ಈಗ ಇರುವುದು ಇಷ್ಟೇ: 'ಅಂಚೆ ಲಕೋಟೆ, ಒಂದು.'