ಮಳೆಗಾಲಕ್ಕೂ ಬಾಳುವ ಬಿಲ್ಲಿಂಗ್ ಸಾಫ್ಟ್‌ವೇರ್

ಇಂಟರ್‌ನೆಟ್ ಮೂಲಕ ನಡೆಯುವ ಕ್ಲೌಡ್ ಸಾಫ್ಟ್‌ವೇರಿಗೆ ದುಡ್ಡು ಕಟ್ಟುವ ಮುಂಚೆ ಮೊಬೈಲ್ ಡೇಟಾ ಆಫ್ ಮಾಡಿ ಒಂದು ಬಿಲ್ ಹಾಕಿ ನೋಡಿ. ಆಷಾಢದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಆಗ ಬಿಲ್ ಹಾಕಲು ಬಾರದ್ದು ಪುಕ್ಕಟೆ ಕೊಟ್ಟರೂ ಬೇಡ.

ಆಫ್‌ಲೈನ್‌ನಲ್ಲೂ ಒಂದು ತೊಡಕಿದೆ. ಎರಡು ಫೋನಿನಲ್ಲಿ ಒಂದೇ ಬಿಲ್ ನಂಬರ್ ಬಿದ್ದು, ನೆಟ್ ಬಂದ ಮೇಲೆ ಲೆಕ್ಕ ಗೋಜಲಾಗಬಹುದು. ಅಂಗಡಿಗೆ ಎ-001, ಗೋದಾಮಿಗೆ ಬಿ-001 ಎಂದು ಬೇರೆ ಬೇರೆ ಸರಣಿ ಕೊಡಿ. ಜಿಎಸ್‌ಟಿ ಬಿಲ್ ನಂಬರ್ 16 ಅಕ್ಷರ ಮೀರುವಂತಿಲ್ಲ.

‘ತಿಂಗಳಿಗೆ 300 ರೂಪಾಯಿ ಮಾತ್ರ’ ಎಂದರೆ ಸಾಮಾನ್ಯವಾಗಿ ಒಬ್ಬರಿಗೆ. ನಾಲ್ವರಿಗೆ ವರ್ಷಕ್ಕೆ 14,400. ಶೇ 18 ಜಿಎಸ್‌ಟಿ ಸೇರಿದರೆ 16,992. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಆ ತೆರಿಗೆ ವಾಪಸ್ ಸಿಗದು. ಜೇನು, ಅಪ್ಪೆಮಿಡಿ ಮಾರುವ ಸಣ್ಣ ವ್ಯಾಪಾರಕ್ಕೆ ಗೂಗಲ್ ಶೀಟ್ಸ್ ಧಾರಾಳ ಸಾಕು. ಫೋನಿನಲ್ಲಿ ಆ ಫೈಲಿಗೆ ಆಫ್‌ಲೈನ್ ಆಯ್ಕೆ ಒತ್ತಿಡಿ. ಉಚಿತ 15 ಜಿಬಿಯಲ್ಲಿ ಜಿಮೇಲ್, ಫೋಟೋ ಎಲ್ಲವೂ ಸೇರುತ್ತವೆ. ಮದುವೆಮನೆ ವಿಡಿಯೋ ಲೆಕ್ಕದ ಜಾಗ ನುಂಗದಂತೆ ಅಂಗಡಿಗೆ ಬೇರೆ ಖಾತೆಯೇ ಇರಲಿ.

ಸಾಫ್ಟ್‌ವೇರಿನಿಂದ ನಿಮ್ಮ ಡೇಟಾ ಹೊರತೆಗೆಯಲು ಬರುತ್ತದೆಯೇ ಎಂಬುದನ್ನೂ ಮೊದಲೇ ಪರೀಕ್ಷಿಸಿ. ಹಾಗೆ ತೆಗೆದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡದ ಹೆಸರುಗಳು ವಿಚಿತ್ರ ಚಿಹ್ನೆಗಳಾಗಬಹುದು. ಅಡಿಕೆಯ ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕು ಗುರುತಿಸುವ ಸಂಖ್ಯೆ) 0802 ಹೋಗಿ 802 ಆಗುತ್ತದೆ. ಡೇಟಾ ಮೆನುವಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತೆರೆದು, ಕನ್ನಡ ಅಕ್ಷರ ಸರಿಯಾಗಿ ಕಾಣಲು ಯುಟಿಎಫ್-8 ಆರಿಸಿ, ‘ಟ್ರಾನ್ಸ್‌ಫಾರ್ಮ್ ಡೇಟಾ’ದಲ್ಲಿ ಎಚ್‌ಎಸ್‌ಎನ್ ಕಾಲಮ್ಮನ್ನು ಟೆಕ್ಸ್ಟ್ ಮಾಡಿ, ಕೇಳಿದರೆ ‘ರಿಪ್ಲೇಸ್ ಕರೆಂಟ್’ ಒತ್ತಿದರೆ ಸೊನ್ನೆ ಉಳಿಯುತ್ತದೆ.