ಆಡಿಟ್ ಬಂದ ದಿನ ಸೋಪು

ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸದಲ್ಲಿದ್ದೆ. ಕೆಲಸಗಾರರ ಸ್ಥಿತಿಗತಿ ನೋಡಲು ಆಡಿಟ್ ಬರುವುದು ಹಿಂದಿನ ದಿನವೇ ಗೊತ್ತಾಗುತ್ತಿತ್ತು. ಶೌಚಾಲಯಕ್ಕೆ ಸೋಪು ಬರುತ್ತಿತ್ತು, ಸೂಪರ್‌ವೈಸರ್ ಬಾಯಲ್ಲಿ ಮರ್ಯಾದೆ ಬರುತ್ತಿತ್ತು! 'ಓವರ್‌ಟೈಮಿಗೆ ಡಬಲ್ ಸಿಗುತ್ತೆ ಅಂತ ಹೇಳಿ' ಎಂದು ಪಾಠ ಬೇರೆ. ಆಡಿಟರ್ ನಮ್ಮನ್ನು ಮಾತಾಡಿಸುತ್ತಿದ್ದುದು ಫ್ಯಾಕ್ಟರಿ ಒಳಗೇ. ಅಲ್ಲಿ ಯಾರು ಬಾಯಿ ಬಿಡುತ್ತಾರೆ?

ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ಸ್‌ಗೂ ಇಂಥ ಆಡಿಟ್ ಆಗಿ, ಕೆಲಸದ ಜಾಗ ಸರಿಯಿದೆ ಎನ್ನುವ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕಿ ಕೆಲವೇ ವಾರ ಆಗಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಬಿತ್ತು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. 250ಕ್ಕೂ ಜಾಸ್ತಿ ಜನ ಸತ್ತರು.

ಮರುವರ್ಷ ಗಾರ್ಮೆಂಟ್ಸ್‌ಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದ ಮೇಲೆ ಬಾಂಗ್ಲಾದೇಶದಲ್ಲಿ ಅಕಾರ್ಡ್ ಎಂಬ ಸುರಕ್ಷತಾ ಒಪ್ಪಂದ ಆಯಿತು. ಅದಕ್ಕೆ ಬ್ರ್ಯಾಂಡ್‌ಗಳ ಜೊತೆ ಯೂನಿಯನ್‌ಗಳೂ ಸಹಿ ಹಾಕಿದವು. ತಪಾಸಣೆ ವರದಿಗಳನ್ನು ಯಾರು ಬೇಕಾದರೂ ಓದಬಹುದಿತ್ತು. ನಮ್ಮ ವರದಿಯನ್ನು ನಾವು ಕಂಡೇ ಇಲ್ಲ. ಆಡಿಟರ್ ಸುಮ್ನೆ ಸಂಜೆ ಗೇಟಿನಾಚೆ ಬಂದು ನಮ್ಮನ್ನು ಕೇಳಿದ್ದರೂ ಸಾಕಿತ್ತು ಅಲ್ವಾ?