ಬೆಂಚಿನ ಮೇಲೆ ಕೂತ ಜೇನು

ಈ ವಾರ ಪೂರ್ತಿ ಬರೀಬೇಕು ಬರೀಬೇಕು ಅಂತಾನೇ ಇದ್ದೆ, ಆದ್ರೆ ಚಿಗುರು ಕಾಲ ಬಂತು ಅಂದ್ರೆ ನಮ್ಮ ರಿಟೈರ್‌ಮೆಂಟ್ ಕಮ್ಯುನಿಟೀಲಿ ಯಾರಿಗೂ ಕೂತ್ಕೊಳ್ಳೋಕೆ ಪುರುಸೊತ್ತಿರಲ್ಲ. ಚಳೀಲಿ ಒಂಬತ್ತು ಗಂಟೆ ಆದ್ರೂ ಬಾಗಿಲು ತೆಗೀದಿದ್ದ ಮನೆಗಳೆಲ್ಲ ಈಗ ಬೆಳಕು ಹರಿಯೋ ಹೊತ್ತಿಗೇ ತೆರ್ಕೊಂಡಿರ್ತವೆ, ಶಾಲು ಸ್ವೆಟರ್ ಎಲ್ಲ ಬಿಸಿಲಿಗೆ ಬಿದ್ದಿರ್ತವೆ, ಯಾರೋ ಒಬ್ರು ಗೇಟಿನ ಹತ್ರ ನಿಂತು ಮರದ ತುದಿ ನೋಡ್ತಾ "ನಿನ್ನೆ ಇರ್ಲಿಲ್ಲ ಕಣ್ರೀ ಈ ಚಿಗುರು, ಆಣೆ ಮಾಡಿ ಹೇಳ್ತೀನಿ" ಅಂತಿರ್ತಾರೆ. ಸುತ್ತ ಹೊಲ, ಹೊಲದಾಚೆ ಗುಡ್ಡ, ಮೇನ್ ರೋಡ್ ಅನ್ನೋದು ದೂರದಲ್ಲಿ ಕೇಳೋ ಒಂದು ಸದ್ದು ಅಷ್ಟೇ. ಇಲ್ಲಿಗೆ ಬರೋ ಮುಂಚೆ ಎಲ್ಲರೂ ನಮ್ಮನ್ನ ಕೇಳಿದ್ದು ಒಂದೇ ಪ್ರಶ್ನೆ, ಆ ಮೂಲೇಲಿ ಹೊತ್ತು ಹೆಂಗೆ ಕಳೀತೀರಿ ಅಂತ. ಅವರನ್ನೆಲ್ಲ ಈ ತಿಂಗಳು ಒಂದಿನ ಕರ್ಕೊಂಡು ಬಂದು ಇಲ್ಲಿ ಕೂರಿಸಬೇಕು ಅನ್ಸತ್ತೆ.

ಮಾರ್ಚ್ 20ರ ಆಸುಪಾಸು ಹಗಲು ರಾತ್ರಿ ಸಮ ಆಗತ್ತೆ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಿ (ಭೂಮಿಯ ದಕ್ಷಿಣದ ಅರ್ಧದಲ್ಲಿ ಇರೋರಿಗೆ ಈ ವಸಂತ ಬರೋದು ಸೆಪ್ಟೆಂಬರಲ್ಲಿ). ಆಗ ಅದು ಒಂದು ಮಾರ್ಕಿನ ಪ್ರಶ್ನೆ. ಈಗ ಮೈಗೇ ಗೊತ್ತಾಗತ್ತೆ. ಬೆಳಗಿನ ಬೆಳಕು ಮುಖಕ್ಕೆ ಬಿದ್ದ ದಿನ ರಾತ್ರಿ ನಿದ್ದೆ ಸರಿಯಾಗಿ ಬರತ್ತೆ, ಯಾಕಂದ್ರೆ ಒಳಗಿನ ಗಡಿಯಾರಕ್ಕೆ ಕೀಲಿ ಕೊಡೋದೇ ಆ ಬೆಳಕು.

ಆದ್ರೆ ಬಿಸಿಲು ಬಂದ ಮೊದಲನೇ ವಾರ ನನಗೆ ಭಯಾನೂ ಇರತ್ತೆ, ಇದನ್ನ ಬರೀಲೇಬೇಕು. ಮೂರು ತಿಂಗಳು ಮುದುಡಿ ಕೂತಿದ್ದ ಕಾಲು, ತೊಡೆ ಸ್ನಾಯು ಕರಗಿರತ್ತೆ, ಬ್ಯಾಲೆನ್ಸ್ ಹೋಗಿರತ್ತೆ, ಮನಸ್ಸು ಮಾತ್ರ ಮೂವತ್ತು ವರ್ಷದ ಹಿಂದಿನದ್ದೇ. ಹೋದ ವರ್ಷ ಹೀಗೇ ಒಬ್ರು ಮೊದಲನೇ ದಿನಾನೇ ಗುಡ್ಡದ ತನಕ ಹೋಗಿ ಬರ್ತೀನಿ ಅಂತ ಹೊರಟು ದಾರೀಲಿ ಒಣಗೆಲೆ ಮೇಲೆ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು. ಪ್ರಪಂಚದಲ್ಲಿ ಆಕಸ್ಮಿಕ ಗಾಯಗಳಿಂದ ಆಗೋ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ರೆ ಎರಡನೇ ಸ್ಥಾನ ಬೀಳೋದಕ್ಕೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅದ್ರಲ್ಲೂ ಅರವತ್ತು ದಾಟಿದವರೇ ಹೆಚ್ಚು. ಹಾಗಾಗಿ ಈ ಸಲ ನಾವು ಹೆಂಗಸರೆಲ್ಲ ಸೇರಿ ಮುಂಚೇನೇ ಟ್ರ್ಯಾಕ್ ಗುಡಿಸಿದ್ವಿ, ಮೊದಲನೇ ವಾರ ಒಂದೇ ರೌಂಡು, ಆಮೇಲೆ ಎರಡು, ಅದೂ ಜೊತೇಲಿ ಒಬ್ರು ಇದ್ದಾಗ. ಕುರ್ಚಿ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸ ಚಳೀಲೇ ಶುರು ಮಾಡಿದ್ವಿ. ಮತ್ತೆ ನೀರು. ವಯಸ್ಸಾದ ಹಾಗೆ ಬಾಯಾರಿಕೆ ಅನ್ನೋದೇ ಮಂದ ಆಗತ್ತೆ, ಮೈಗೆ ನೀರು ಬೇಕಿದ್ರೂ ಬೇಕು ಅನ್ಸಲ್ಲ, ಅದಕ್ಕೇ ದಾಹ ಆದಾಗ ಕುಡಿಯೋಣ ಅಂತ ಕಾಯಬಾರ್ದು.

ನಮ್ಮೆಜಮಾನ್ರ ಕಣ್ಣಿನ ಕಥೆ ಹೇಳ್ತೀನಿ. ಚಳಿಗಾಲದಲ್ಲಿ ಅವರಿಗೆ ಬಲಗಣ್ಣಿನ ಪೊರೆ ತೆಗೆಸಿದ್ವಿ, ಎಡಗಣ್ಣಿಂದು ಇನ್ನೂ ಬಾಕಿ. ಒಂದಿನ ಬೆಳಿಗ್ಗೆ ನೋಡ್ತೀನಿ, ಬೇಲಿ ಮೇಲೆ ಹಬ್ಬಿರೋ ಶಂಖಪುಷ್ಪದ ಬಳ್ಳಿ ಮುಂದೆ ನಿಂತ್ಕೊಂಡು ಒಂದ್ಸಲ ಈ ಕಣ್ಣು ಮುಚ್ಚೋದು, ಇನ್ನೊಂದ್ಸಲ ಆ ಕಣ್ಣು ಮುಚ್ಚೋದು, ಹೂವಿನ ಹತ್ರ ಮೂಗು ತಾಗೋ ಹಾಗೆ ಬಗ್ಗೋದು, ಮತ್ತೆ ಕಣ್ಣು ಬದಲಾಯಿಸೋದು. ಏನ್ರೀ ಅದು ಅಂದೆ. "ಇದು ಇಷ್ಟು ನೀಲೀನೇನೇ?" ಅಂದ್ರು. ನಾಲ್ಕು ವರ್ಷದಿಂದ ಆ ಬಳ್ಳಿ ಅಲ್ಲೇ ಇದೆ, ಬೀಜ ನೆಟ್ಟವರೇ ಅವರು. ಕಣ್ಣಿನ ಲೆನ್ಸ್ ವಯಸ್ಸಾದ ಹಾಗೆ ಹಳದಿಗೆ ತಿರುಗತ್ತಂತೆ, ನೀಲಿ ಬೆಳಕನ್ನ ಒಳಗೆ ಬಿಡಲ್ಲ, ಅದು ಎಷ್ಟು ನಿಧಾನಕ್ಕೆ ಆಗತ್ತೆ ಅಂದ್ರೆ ಏನು ಕಳ್ಕೊಂಡ್ವಿ ಅನ್ನೋದೇ ಗೊತ್ತಾಗಲ್ಲ. ಒಂದು ಕಣ್ಣಲ್ಲಿ ಬೆಡ್‌ಶೀಟ್ ಬಿಳಿ, ಇನ್ನೊಂದರಲ್ಲಿ ಅದೇ ಬೆಡ್‌ಶೀಟ್ ಹಳೇ ಪುಸ್ತಕದ ಹಾಳೆ ಥರ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಗೂ ಹೀಗೇ ಆಗಿತ್ತು, ತನ್ನ ತೋಟದ ಕೊಳಾನೇ ಬರೀತಾ ಇದ್ದ ಮನುಷ್ಯ, 1923ರಲ್ಲಿ 82ನೇ ವಯಸ್ಸಲ್ಲಿ ಬಲಗಣ್ಣಿಗೆ ಆಪರೇಷನ್ ಮಾಡಿಸ್ಕೊಂಡ. ನನಗೆ ಅದು ಅರ್ಥ ಆಗಿದ್ದು ಆ ಬೆಳಿಗ್ಗೆ, ಎಪ್ಪತ್ತಾರು ವರ್ಷದ ಗಂಡ ಒಂದು ಹೂವಿನ ಮುಂದೆ ಹದಿನೈದು ನಿಮಿಷ ನಿಂತಿದ್ದನ್ನ ನೋಡಿದ ಮೇಲೆ. ನಾನೂ ಪಕ್ಕದಲ್ಲಿ ನಿಂತೆ. ನನಗೆಷ್ಟು ನೀಲಿ ಕಾಣ್ತಿದೆಯೋ ಯಾರಿಗ್ಗೊತ್ತು, ಆದ್ರೂ ನಿಂತೆ.

ಪಕ್ಕದ ಮನೆ ಮೇಷ್ಟ್ರದ್ದು ಕಿವಿ. ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳ್ಕೊಡ್ತಿದ್ದವರು. ಈ ಕಡೆ ಹಕ್ಕಿಗಳೇ ಕಮ್ಮಿ ಆಗೋದ್ವು, ಗುಬ್ಬಿ ಸದ್ದೇ ಇಲ್ಲ ಅಂತ ಎರಡು ವರ್ಷದಿಂದ ಬೇಜಾರು ಮಾಡ್ಕೋತಿದ್ರು. ಮಗಳು ಬಂದು ಹಠ ಮಾಡಿ ಹಿಯರಿಂಗ್ ಏಡ್ ಹಾಕ್ಸಿದ್ಳು. ವಯಸ್ಸಿನ ಕಿವುಡು ಮೊದಲು ತಿನ್ನೋದು ಸಣ್ಣ ಏರು ದನಿಗಳನ್ನೇ, ಕಾಗೆ ಕೂಗಿದ್ದು ಕೇಳತ್ತೆ, ಗುಬ್ಬಿ ಚಿಲಿಪಿಲಿ ಕೇಳಲ್ಲ, ಮಾತಲ್ಲೂ ಸ, ಶ, ಚ ಎಲ್ಲ ಜಾರಿ ಹೋಗತ್ತೆ, ಅದಕ್ಕೇ ಫೋನಲ್ಲಿ ಮೊಮ್ಮಕ್ಕಳು ಗೊಣಗ್ತಾರೆ ಅನ್ಸೋದು. ಮೊದಲನೇ ವಾರ ಅವರಿಗೆ ಚಪ್ಪಲಿ ಸದ್ದು, ಪೇಪರ್ ಮಡಚೋ ಸದ್ದು ಎಲ್ಲ ತಲೆ ಮೇಲೆ ಹೊಡೆದ ಹಾಗೆ ಆಗಿ ತೆಗೆದಿಟ್ಟುಬಿಟ್ಟಿದ್ರು. ಮಿದುಳು ಹೊಂದ್ಕೊಳ್ಳೋಕೆ ವಾರಗಟ್ಲೆ ಬೇಕು, ಬಿಡದೇ ಹಾಕ್ಕೊಂಡ್ರು, ಈಗ ಬೆಳಿಗ್ಗೆ ಐದೂವರೆಗೇ ಎದ್ದು ವರಾಂಡದಲ್ಲಿ ಕೂತಿರ್ತಾರೆ. ಯಾರೂ ಮಾತಾಡಿಸೋ ಹಾಗಿಲ್ಲ.

ಹೂಬಿಡೋ ಕಾಲ ಅಂದ್ರೆ ಪರಾಗದ ಕಾಟಾನೂ ಇದ್ದೇ ಇರತ್ತೆ. ಮೂಗು ಸೋರತ್ತೆ ಅಂತ ಡ್ರಾಯರಲ್ಲಿದ್ದ ಹಳೇ ಅಲರ್ಜಿ ಮಾತ್ರೆ ನುಂಗಬೇಡಿ, ದಯವಿಟ್ಟು. ನಿದ್ದೆ ಬರಿಸೋ ಆ ಹಳೇ ಥರದ ಮಾತ್ರೆಗಳು ನಮ್ಮ ವಯಸ್ಸಿನವರ ತಲೇನ ಮಂಕು ಮಾಡ್ತವೆ, ನಮ್ಮ ಸಾಲಲ್ಲೇ ಒಬ್ರು ಎರಡು ದಿನ ಮಗನ ಹೆಸರು ತಡಕಾಡಿದ್ರು, ಮನೆಯವರೆಲ್ಲ ಮರೆವಿನ ಕಾಯಿಲೆ ಅಂತ ಅತ್ತು, ಆಮೇಲೆ ನೋಡಿದ್ರೆ ಮಾತ್ರೆ. ಡಾಕ್ಟ್ರನ್ನ ಕೇಳಿ ತಗೊಳ್ಳಿ.

ಇನ್ನು ನಮ್ಮ ಮಡಿಗಳು. ಸೊಂಟದೆತ್ತರಕ್ಕೆ ಹಲಗೆ ಕಟ್ಟಿ ಮಣ್ಣು ತುಂಬಿಸಿದ್ದೀವಿ, ಬಗ್ಗದೇ ನಿಂತ್ಕೊಂಡೇ ಕೆಲಸ ಮಾಡ್ಬೋದು, ವೀಲ್‌ಚೇರಲ್ಲಿ ಇರೋರಿಗೆ ಅಂತ ಎರಡು ಮಡಿ ಸ್ವಲ್ಪ ತಗ್ಗಾಗಿ, ಕೆಳಗೆ ಮೊಣಕಾಲು ಹೋಗೋ ಹಾಗೆ ಮಾಡಿದ್ದೀವಿ. ಮಣ್ಣಲ್ಲಿ ಧನುರ್ವಾಯು ರೋಗಾಣು ಇರತ್ತೆ, ಕೈಗೆ ಸಣ್ಣ ಮುಳ್ಳು ಚುಚ್ಚಿದ್ರೂ ಸಾಕು, ಹತ್ತು ವರ್ಷದಿಂದ ಇಂಜೆಕ್ಷನ್ ಆಗಿಲ್ದಿದ್ರೆ ಹಾಕಿಸ್ಕೊಂಡೇ ಇಳೀರಿ ಅಂತ ಎಲ್ಲರಿಗೂ ಹೇಳಿ ಆಗಿದೆ. ಪ್ರತಿ ವರ್ಷ ಈ ಹೊತ್ತಿಗೆ ಮಡಿ ಹಂಚ್ಕೋತೀವಿ. ಈ ಸಲ ಒಂದು ಮಡಿ ಮಿಕ್ತು. ಕೊನೇ ಮನೆ ಅಕ್ಕನಿಗೆ ಅಂತ ಇಟ್ಟಿದ್ವಿ.

ಅಕ್ಕ ಬಂದು ಆರು ತಿಂಗಳಾಗಿದೆ. ನಲವತ್ತು ವರ್ಷ ಇದ್ದ ಮನೇನ ಮಗಳಿಗೆ ಬಿಟ್ಟು ಬಂದವರು. ಊಟದ ಹಾಲಿಗೆ ಬರ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡ್ತಾರೆ, ಹೋಗ್ತಾರೆ. ಮಡಿ ತಗೋಳಿ ಅಕ್ಕ ಅಂದಿದ್ದಕ್ಕೆ "ಬೇಡಮ್ಮ, ಅಲ್ಲಿ ಮಾಡಿದ್ದೇ ಸಾಕಾಗಿದೆ" ಅಂದ್ರು. ನಾನು ಆಮೇಲೆ ಕೇಳ್ಲಿಲ್ಲ. ನಾನೂ ಇಲ್ಲಿಗೆ ಬಂದ ಹೊಸದ್ರಲ್ಲಿ ರಾತ್ರಿ ಎದ್ದು ಹಳೇ ಮನೆ ಸ್ವಿಚ್ ಇದ್ದ ಕಡೆಗೇ ಗೋಡೆ ತಡಕಾಡ್ತಿದ್ದೆ, ನನಗೆ ಗೊತ್ತು ಅದು ಏನು ಅಂತ.

ಹೋದ ಮಂಗಳವಾರ ಹನ್ನೊಂದು ಗಂಟೆ ಹೊತ್ತಿಗೆ ಟ್ರ್ಯಾಕಿನ ಕಡೆಯಿಂದ ಒಂದು ಸದ್ದು ಬಂತು, ಮೋಟರ್ ಏನೋ ಕೆಟ್ಟಿದೆ ಅನ್ಕೊಂಡೆ. ಹೊರಗೆ ಬಂದು ನೋಡಿದ್ರೆ ಗಾಳಿ ತುಂಬ ಜೇನು, ಬಿಸಿಲಲ್ಲಿ ರಾಗಿ ಎರಚಿದ ಹಾಗೆ, ಕಾಲು ಗಂಟೇಲಿ ಎಲ್ಲ ಬಂದು ನಾವು ದಿನಾ ಕೂರೋ ಬೆಂಚಿನ ಕೈಗೆ ಜೋತುಬಿದ್ವು, ಒಂದರ ಮೇಲೊಂದು ಒಂದರ ಮೇಲೊಂದು ಹತ್ತಿ ದೊಡ್ಡ ಹಲಸಿನಕಾಯಿ ಗಾತ್ರ ಆಯ್ತು. ಹೆಜ್ಜೇನು ಹೆಜ್ಜೇನು ಅಂತ ಯಾರೋ ಕೂಗಿದ್ರು, ಯಾರೋ ಬೆಂಕಿ ಹೊಗೆ ಅಂದ್ರು. ಮೇಷ್ಟ್ರು ಅಷ್ಟು ಜೋರಾಗಿ ಮಾತಾಡಿದ್ದನ್ನ ನಾನು ಕೇಳಿದ್ದು ಅವತ್ತೇ. "ಯಾರೂ ಹತ್ರ ಹೋಗ್ಬೇಡಿ, ಏನೂ ಮಾಡ್ಬೇಡಿ! ಹೆಜ್ಜೇನಲ್ಲ ಅದು, ಪೆಟ್ಟಿಗೇಲಿ ಸಾಕೋ ಜಾತಿ. ಮನೆ ಬದಲಾಯಿಸ್ತಿದಾವೆ, ರೆಸ್ಟ್ ತಗೋತಿದಾವೆ ಅಷ್ಟೇ." ಜೇನು ಸಾಕೋ ಹುಡುಗನಿಗೆ ಫೋನ್ ಮಾಡಿದ್ವಿ, ಅವನೂ ಫೋಟೋ ನೋಡಿ ಅದನ್ನೇ ಹೇಳ್ದ, ಸಂಜೆ ಬರ್ತೀನಿ, ಅಷ್ಟರೊಳಗೆ ಅವೇ ಹೋದ್ರೂ ಹೋಗ್ಬೋದು ಅಂದ. ಟ್ರ್ಯಾಕಿಗೆ ಅಡ್ಡ ಹಗ್ಗ ಕಟ್ಟಿ ಎಲ್ಲರೂ ದೂರದಲ್ಲಿ ವರಾಂಡದ ಮೇಲೆ ಕುರ್ಚಿ ಹಾಕ್ಕೊಂಡು ಕೂತ್ವಿ. ಕೊನೇ ಮನೆ ಅಕ್ಕನೂ ಬಂದ್ರು.

ಮೇಷ್ಟ್ರು ಹೇಳ್ತಾ ಹೋದ್ರು. ವಸಂತದಲ್ಲಿ ಹೂವು ಹೆಚ್ಚಾಗಿ ಗೂಡು ತುಂಬಿ ಹೋದಾಗ ಹೊಸ ರಾಣಿ ಬೆಳೆಯೋಕೆ ಶುರುವಾಗತ್ತೆ, ಆಗ ಮನೆ ಬಿಟ್ಟು ಹೋಗೋದು ಹೊಸಬಳಲ್ಲ, ಹಳೇ ರಾಣಿ. ಕಟ್ಟಿದ ಗೂಡು, ಕೂಡಿಟ್ಟ ತುಪ್ಪ ಎಲ್ಲ ಮಗಳಿಗೆ ಬಿಟ್ಟು ಅರ್ಧಕ್ಕೂ ಹೆಚ್ಚು ಜೇನಿನ ಜೊತೆ ಹೊರಡ್ತಾಳೆ. ಹೊರಡೋ ಮುಂಚೆ ಕೆಲಸದ ಜೇನುಗಳು ಅವಳಿಗೆ ಊಟ ಕಮ್ಮಿ ಮಾಡ್ತವೆ, ಮೊಟ್ಟೆ ಇಡೋದು ನಿಲ್ಲತ್ತೆ, ಮೈ ಇಳಿದು ಹಗುರ ಆಗ್ತಾಳೆ, ಇಲ್ಲದಿದ್ರೆ ಹಾರೋಕೆ ಆಗಲ್ಲ. ಇಲ್ಲಿಗೆ ಬರೋ ಮುಂಚೆ ಮಂಚ, ಬೀರು, ಪಾತ್ರೆ ಎಲ್ಲ ಹಂಚಿ ಹಗುರಾದವರೇ ನಾವೆಲ್ಲ ಅಲ್ಲಿ ಕೂತಿದ್ದು. ಯಾರೂ ಮಾತಾಡ್ಲಿಲ್ಲ.

"ಮನೆ ಯಾರು ಹುಡುಕ್ತಾರೆ ಮೇಷ್ಟ್ರೇ?" ಅಂತ ಕೇಳಿದ್ದು ಅಕ್ಕ.

"ಗುಂಪಿನಲ್ಲಿ ವಯಸ್ಸಾದವು. ವರ್ಷಗಟ್ಲೆ ಅಲ್ಲ, ವಾರಗಳ ಲೆಕ್ಕ ಅವಕ್ಕೆ, ಆದ್ರೂ ಹೊರಗೆ ತಿರುಗಿ ದಾರಿ ಗೊತ್ತಿರೋ ಹಿರೀ ಜೇನುಗಳೇ." ಅವು ಹೋಗಿ ಪೊಟರೆ ಹುಡುಕಿ, ಒಳಗೆಲ್ಲ ನಡೆದಾಡಿ ಜಾಗ ಅಳೆದು, ವಾಪಸ್ ಬಂದು ಈ ಗೊಂಚಲಿನ ಮೇಲೇ ಕುಣಿದು ತೋರಿಸ್ತಾವೆ. ಕುಣಿತದ ಓರೆ ದಿಕ್ಕು ಹೇಳತ್ತೆ, ಎಷ್ಟು ಹೊತ್ತು ಅನ್ನೋದು ದೂರ ಹೇಳತ್ತೆ. ಈ ಕುಣಿತದ ಭಾಷೆ ಬಿಡಿಸಿದ ಕಾರ್ಲ್ ಫಾನ್ ಫ್ರಿಷ್‌ಗೆ 1973ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ ಹೀಗೇ ಕೂತಿದ್ದ ಒಂದು ಗುಂಪನ್ನ ನೋಡ್ತಾ, ಕುಣಿಯೋ ಜೇನುಗಳ ಮೈ ಮೇಲೆ ಪರಾಗ ಇಲ್ಲ, ಮಸಿ ಇದೆ, ಇಟ್ಟಿಗೆ ಪುಡಿ ಇದೆ ಅಂತ ಗಮನಿಸಿದ್ರು. ಇವು ಹೂವಿನ ಸುದ್ದಿ ಹೇಳ್ತಿಲ್ಲ, ಮನೆ ಸುದ್ದಿ ಹೇಳ್ತಿದಾವೆ ಅಂತ ಹೊಳೆದಿದ್ದು ಹಾಗೆ. ಒಂದೊಂದು ಜೇನು ಒಂದೊಂದು ಮನೆ ತೋರಿಸತ್ತೆ, ಬೇರೆಯವೂ ಹೋಗಿ ನೋಡ್ಕೊಂಡು ಬರ್ತವೆ, ಚೆನ್ನಾಗಿರೋದಕ್ಕೆ ಕುಣಿತ ಹೆಚ್ಚಾಗತ್ತೆ, ಸುಮಾರಾಗಿರೋದಕ್ಕೆ ತಾನಾಗೇ ಇಳಿಯತ್ತೆ, ಕೊನೆಗೆ ಎಲ್ಲ ಒಂದಕ್ಕೇ ಬರ್ತವೆ. ಮೇಷ್ಟ್ರು ಇದನ್ನೆಲ್ಲ ಹೇಳ್ತಾ ಕಣ್ಣು ಒರೆಸ್ಕೊಂಡ್ರು, ಪಾಠ ಮಾಡದೇ ಹದಿನಾರು ವರ್ಷ ಆಗಿತ್ತು.

ಮೂರೂವರೆ ಹೊತ್ತಿಗೆ ಗೊಂಚಲು ಒಂಥರಾ ನಡುಗಿದ ಹಾಗೆ ಆಯ್ತು, ಸದ್ದು ಏರ್ತು, ನೋಡ್ತಾ ನೋಡ್ತಾ ಕರಗಿ ಗಾಳಿಯಾಯ್ತು. ಒಂದು ನಿಮಿಷ ಹಿಡಿದಿರಬೇಕು ಅಷ್ಟೇ. ಮೋಡದ ಥರ ಬೇಲಿ ದಾಟಿ, ಹೊಲದ ಮೇಲೆ ತಗ್ಗಲ್ಲೇ ಸಾಗಿ, ಗುಡ್ಡದ ಕಡೆ ಹೋದ್ವು. ನಮ್ಮೆಜಮಾನ್ರು ಆಪರೇಷನ್ ಆದ ಕಣ್ಣಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ನೋಡಿದ್ರು. ಬೆಂಚಿನ ಕೈ ಮೇಲೆ ಏಳೆಂಟು ಜೇನು ಉಳಿದಿದ್ವು, ಅವೂ ಕತ್ತಲಾಗೋ ಮುಂಚೆ ಕಾಣ್ಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಾನು ಮಡಿ ಹತ್ರ ಹೋದಾಗ ಅಕ್ಕ ಆಗ್ಲೇ ಅಲ್ಲಿದ್ರು. ಕುಡುಗೋಲು ಕುರ್ಪಿ ಎಲ್ಲ ಹಳೇ ಮನೇಲೇ ಬಿಟ್ಟು ಬಂದಿದ್ರಂತೆ, ಕೈಯಲ್ಲಿ ಸಾರು ಬಡಿಸೋ ಸೌಟಿತ್ತು. ಸೌಟಿನ ಹಿಡಿ ಕಡೆಯಿಂದ ಮಣ್ಣಲ್ಲಿ ಗೆರೆ ಎಳೆದು, ನಾಲ್ಕು ನಾಲ್ಕು ಬೆರಳು ಅಂತರ ಬಿಟ್ಟು ಬೀಜ ಹಾಕ್ತಿದ್ರು. ಅಕ್ಕ, ಅಷ್ಟು ಒತ್ತೊತ್ತಾಗಿ ಹಾಕಿದ್ರೆ ಬೆಳೆಯಲ್ಲ ಅಂದೆ. ತಲೆ ಎತ್ತದೇ "ನಿಂಗೆ ಗೊತ್ತಿಲ್ಲ ಸುಮ್ನಿರು, ಮೊಳಕೆ ಬರ್ಲಿ, ಆಮೇಲೆ ಕೀಳ್ತೀನಿ" ಅಂದ್ರು. ನಾನು ನೀರಿನ ಕ್ಯಾನ್ ತರೋಕೆ ಹೋದೆ.